ಪರದೆ ಹಿಡಿದ ಅಂಬಣ್ಣ

ನಮ್ಮಪ್ಪ ಅಂಬಣ್ಣನಷ್ಟು ಹೆದರುಪುಕ್ಕಲ ಮನುಷ್ಯ ಪುಣೆಯ ಇಡೀ ಖಡಕಿಯಲ್ಲಿ ಇನ್ನೊಬ್ಬನಿರಲಿಲ್ಲ. ಬೇರೆಯವರ ಮಾತೇಕೆ, ಹೆತ್ತ ಮಗಳು ನಾನೇ ಹೇಳುತ್ತಿದ್ದೇನೆ. ಟಿಕೆಟ್ ಕೈಯಲ್ಲಿದ್ದರೂ ಬಸ್ ಕಂಡಕ್ಟರನಿಗೆ ಹೆದರುತ್ತಿದ್ದ. ಅಂಚೆಯವನು ಬಾಗಿಲು ಬಡಿದರೆ ಅವ್ವನನ್ನು ಮುಂದೆ ಕಳಿಸುತ್ತಿದ್ದ. ಅವ್ವ ಪಾರವ್ವ ಮಾತ್ರ ಯಮ ಬಂದರೂ ಚಪ್ಪಲಿ ಹೊರಗೆ ಬಿಟ್ಟು ಬಾ ಎನ್ನುವ ಹೆಂಗಸು. ದೇವರು ಜೋಡಿ ಕಟ್ಟುವಾಗ ಏನು ಯೋಚಿಸುತ್ತಾನೋ!

ಅಪ್ಪ ಗದಗಿನ ಕಡೆಯವನು. ಇಪ್ಪತ್ತರ ಪ್ರಾಯದಲ್ಲಿ ಒಂದು ಕನ್ನಡ ನಾಟಕ ಕಂಪನಿಯ ಜೊತೆ ಪುಣೆಗೆ ಬಂದ. ಇಲ್ಲಿ ಕಂಪನಿ ಮುರಿದುಬಿತ್ತು. ಊರಿಗೆ ಮರಳುವ ಬಸ್ಸಿಗಾಗಿ ಸ್ವಾರಗೇಟಿನಲ್ಲಿ ಕೂತಿದ್ದವನನ್ನು ಯಾರೋ ಅವಧೂತರಾವರ ಹತ್ತಿರ ಕರೆದೊಯ್ದರು. ಅವಧೂತರಾವ್ ಅಂದರೆ ಮರಾಠಿ ನಾಟಕ, ಸಿನಿಮಾಗಳಲ್ಲಿ ಜನರ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಮನುಷ್ಯ. ಅವರ ಹೆಂಡತಿ ಶಾಮಲಾಬಾಯಿ ಬೆಳಗಾವಿಯ ಮಗಳು. ಕನ್ನಡದ ಹುಡುಗ ಸಿಕ್ಕನೆಂದು ಆಕೆಗೆ ಖುಷಿ. ಅಪ್ಪನಿಗೆ ಪರದೆಯ ಹಗ್ಗ ಹಿಡಿಯುವ ಕೆಲಸ ಸಿಕ್ಕಿತು. ಹತ್ತೊಂಬತ್ತು ವರ್ಷ ಅದೊಂದೇ ಕೆಲಸ.

ರಾಯರು ಹೆಂಡತಿಯಿಂದ ಕಲಿತ ಹರಕು ಕನ್ನಡದಲ್ಲಿ ಮೊದಲ ದಿನವೇ ತಾಕೀತು ಮಾಡಿದ್ದರಂತೆ: "ಅಂಬ್ಯಾ, ಜನ ನಗೂತನಕಾ ಪರದೆ ಬಿಡಬ್ಯಾಡ. ನಗು ಅರ್ಧಕ್ಕ ಕತ್ತರಿಸಿದ್ರ ನಿನ್ನ ಕತ್ತರಸ್ತೀನಿ."

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ರಾಯರು ರಂಗದ ಮೇಲೆಯೇ ಎದೆನೋವು ಬಂದು ಬಿದ್ದು ಹೋಗಿಬಿಟ್ಟರು. ಅಪ್ಪ ಮತ್ತೆ ಯಾವ ನಾಟಕಕ್ಕೂ ಕಾಲಿಡಲಿಲ್ಲ. ಖಡಕಿಯ ಕಾರ್ಖಾನೆಯ ಕ್ಯಾಂಟೀನಿಗೆ ಸೇರಿ, ಅಲ್ಲೇ ನಿವೃತ್ತನಾದ. ಆ ದಿನದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಿದವನಲ್ಲ.

ತೊಂಬತ್ತೆಂಟರಲ್ಲಿ ರಾಯರ ಜೀವನಕಥೆ ಟಿವಿಯಲ್ಲಿ ಧಾರಾವಾಹಿಯಾಗಿ ಬರುತ್ತದೆಂದು ಸುದ್ದಿಯಾಯಿತು. ಒಂದು ಮಧ್ಯಾಹ್ನ ಸಾಯಲಿ ಎಂಬ ಹುಡುಗಿ ಟೇಪ್ ರೆಕಾರ್ಡರ್ ಹಿಡಿದು ಮನೆಗೆ ಬಂದಳು. ಧಾರಾವಾಹಿ ಬರೆಯುವವರಿಗೆ ಮಾಹಿತಿ ಕೂಡಿಸುವವಳು. ಅಪ್ಪ ಸೀದಾ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ.

"ಹೊರಗ ಬರ್ರಿ! ಪೊಲೀಸರಲ್ಲ, ಪಾಪ, ಸಣ್ಣ ಹುಡುಗಿ," ಎಂದು ಅವ್ವ ಬಾಗಿಲು ಗುದ್ದಿದಳು. "ಏನ ಗಂಡಸಪಾ ಇವಾ!"

ಅಪ್ಪ ಮುಖ ತೊಳೆದುಕೊಂಡು ಬಂದು ಕೂತ. ಒಂದು ತಾಸು ಚೆನ್ನಾಗಿಯೇ ಮಾತಾಡಿದ. ಕೊನೆಗೆ ಅವಳು ಮರಾಠಿಯಲ್ಲಿ ಕೇಳಿದಳು: "ಕಾಕಾ, ಆ ಕಡೆಯ ದಿನ ಏನಾಯಿತು?"

ಅಪ್ಪ ಕಣ್ಣು ಮಿಟುಕಿಸದೆ ಹೇಳಿದ. ರಾಯರು ಬಿದ್ದರು, ನನಗೆ ತಕ್ಷಣ ಗೊತ್ತಾಯಿತು, ಆ ಕ್ಷಣವೇ ಪರದೆ ಬಿಟ್ಟೆ, ಓಡಿಹೋಗಿ ಅವರ ತಲೆ ತೊಡೆಯ ಮೇಲಿಟ್ಟುಕೊಂಡೆ. ಸಾಯಲಿ ಕಣ್ಣೊರೆಸಿಕೊಂಡು ಬರೆದುಕೊಂಡಳು.

ಅವತ್ತಿನಿಂದ ಅಪ್ಪನ ಊಟ ಬಿಟ್ಟುಹೋಯಿತು. ರೊಟ್ಟಿ ಮುರಿಯುವ ಕೈ ನಡುಗುತ್ತಿತ್ತು. ನಾಲ್ಕನೆಯ ದಿನ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ನನ್ನ ಹತ್ತಿರ ಬಂದು ನಿಂತ.

"ಕುಸುಮಾ, ನಾ ಸುಳ್ಳು ಹೇಳಿದೆನವ್ವ."

ಆ ದಿನ ಭಾನುವಾರ, ಮಧ್ಯಾಹ್ನದ ಆಟ. ಎರಡನೆಯ ಅಂಕದ ಕೊನೆಗೆ, ಮಾವ ಬಂದನೆಂದು ಕೇಳಿ ರಾಯರು ಎದೆ ಹಿಡಿದುಕೊಂಡು ಬೀಳಬೇಕು, ಕಾಲು ಬಡಿಯಬೇಕು. ನಾಟಕದಲ್ಲಿ ಎಲ್ಲಕ್ಕಿಂತ ದೊಡ್ಡ ನಗು ಬರುವ ಜಾಗ ಅದೇ. ಜನ ನಕ್ಕು ಸುಸ್ತಾದ ಮೇಲೆ ಪರದೆ.

"ಅವತ್ತ ಎರಡು ಮಾತು ನುಂಗಿ ಬಿದ್ರು," ಎಂದ ಅಪ್ಪ. "ನಾಟಕ ಪೂರಾ ನನಗ ಬಾಯಿಪಾಠ. ಎದಿ ಝಲ್ಲಂತು. ಹಗ್ಗ ಕೈಯಾಗ ಇತ್ತು."

"ಬಿಡಬೇಕಿತ್ತಲ್ಲ?"

"ಜನ ನಗಾಕತ್ತಿದ್ರು. ನಗು ಕತ್ತರಿಸಿದ್ರ ರಾಯರು ಬೈತಾರಂತ ಹೆದರಿದೆ. ಬಾಯಿಯವರು ಮೊದಲನೇ ಸಾಲಿನ್ಯಾಗ ಕುಂತಿದ್ರು. ಅವರ ಮಾರಿ ನೋಡಿದೆ. ಹೇಣ್ತಿಗಿಂತ ಹೆಚ್ಚು ಯಾರಿಗೆ ಗೊತ್ತಾಗ್ತದ? ಅವರು ನಗೂದು ನಿಲ್ಲಿಸಿದ್ರ ಬಿಡೂಣಂತ ಅವರನ್ನ ನೋಡಕೋತ ನಿಂತೆ. ಅವರು ಕಣ್ಣಾಗ ನೀರು ಬರೂಹಂಗ ನಗಾಕತ್ತಿದ್ರು. ಮೂರು ನಿಮಿಷ ಹಗ್ಗ ಹಿಡಿದೆನವ್ವ."

ಇನ್ನಷ್ಟು ಬೇಗ ತಂದಿದ್ದರೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಅಂದಿದ್ದರಂತೆ. ಆ ಮಾತು ಅಪ್ಪನ ಕಿವಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿತ್ತು. ಆದರೂ ಪ್ರತಿ ವರ್ಷ ಗಣಪತಿ ಹಬ್ಬಕ್ಕೆ ಶಾಮಲಾಬಾಯಿಯ ಮನೆಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿ ಬರುತ್ತಿದ್ದ. ಆಕೆ ಚಹಾ ಕೊಟ್ಟು, ಮನೆಯ ಕ್ಷೇಮ ಕೇಳಿ, ಕೈಯಲ್ಲಿ ಮೋದಕದ ಡಬ್ಬಿ ಇಟ್ಟು ಕಳಿಸುತ್ತಿದ್ದರು. ಆ ದಿನದ ಮಾತು ಅವರೂ ಎತ್ತಿದವರಲ್ಲ.

"ಈಗ ಬಾಯಿಯವರು ಟಿವಿಯಾಗ ನನ್ನ ಸುಳ್ಳು ನೋಡ್ತಾರ. ಗಂಡನ್ನ ಕೊಂದಾಂವಾ, ಮ್ಯಾಲೆ ಸುಳ್ಳಾ ಬ್ಯಾರೆ ಅಂತಾರ. ಆ ಮನಿ ಹೊಸ್ತಿಲಾ ನನಗ ಮುಚ್ಚಿಹೋತು."

ನನಗೂ ಹೆದರಿಕೆಯಾಯಿತು. ಅಪ್ಪನಿಗೆ ಪುಣೆಯಲ್ಲಿ ತನ್ನವರು ಅಂತ ಇದ್ದದ್ದು ಆ ಒಂದು ಮನೆ. ಸಾಯಲಿಗೆ ನಿಜ ಹೇಳಿಬಿಡು ಎಂದು ಟಿವಿಯವರ ಆಫೀಸಿಗೆ ಕರೆದೊಯ್ದೆ. ಗೇಟಿನ ಕಾವಲುಗಾರ "ಯಾರು ಬೇಕು?" ಎಂದದ್ದೇ ತಡ, ಅಪ್ಪ "ಯಾರೂ ಬ್ಯಾಡ್ರಿ" ಎಂದು ಕನ್ನಡದಲ್ಲೇ ಹೇಳಿ ತಿರುಗಿ ನಡೆದ. ಸಿಟ್ಟು ಬಂದು ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ.

ಧಾರಾವಾಹಿ ಶುರುವಾಯಿತು. ಭಾನುವಾರ ಬೆಳಿಗ್ಗೆ ಬಂತೆಂದರೆ ಅಪ್ಪ ಬೆವರುತ್ತಿದ್ದ. ರಾಯರ ಬಾಲ್ಯ ಮುಗಿಯಿತು, ಮದುವೆ ಮುಗಿಯಿತು, ಸಾವು ಹತ್ತಿರ ಬರುತ್ತಿತ್ತು. ಕೊನೆಯ ಕಂತಿನ ದಿನ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿಟ್ಟ. ಅವ್ವ ಸೆರಗು ಕಟ್ಟಿ ಹತ್ತಿ ಸರಿ ಮಾಡಿ ಬಂದಳು.

"ಇಡೀ ಪುಣೆದ ಆಂಟೆನಾ ತಿರುಗಸ್ತೀರೇನ್ರಿ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಳ್ಳೋರಹಂಗ ಯಾಕ ಮಾಡಾಕತ್ತೀರಿ?"

ಅವಳಿಗೆ ಏನೂ ಗೊತ್ತಿರಲಿಲ್ಲ. ಗಂಡನ ಪಾತ್ರ ಟಿವಿಯಲ್ಲಿ ಬರುತ್ತದೆಂದು ಓಣಿಯವರನ್ನೆಲ್ಲ ಕರೆದು, ಅವಲಕ್ಕಿ ಬೇರೆ ಒಗ್ಗರಿಸಿ ಇಟ್ಟಿದ್ದಳು.

ಬಂತು. ಅಪ್ಪನ ಪಾತ್ರಧಾರಿ ಎತ್ತರದ, ಮೀಸೆಯ ಗಂಡಸು. ರಾಯರು ಬಿದ್ದರು, ಹಗ್ಗ ಬಿಟ್ಟ, ಓಡಿದ, ತಲೆ ತೊಡೆಯ ಮೇಲಿಟ್ಟುಕೊಂಡ. ಅತ್ತ ಶಾಮಲಾಬಾಯಿಯ ಪಾತ್ರ ಜ್ವರದಿಂದ ಮನೆಯಲ್ಲಿ ಮಲಗಿತ್ತು. ಓಣಿಯ ಹೆಂಗಸರು ಮೂಗು ಸೀಟಿಕೊಂಡರು, ಗಂಡಸರು ಅಪ್ಪನ ಬೆನ್ನು ತಟ್ಟಿದರು. ಅಪ್ಪ ಟಿವಿಯಿಂದ ಕಣ್ಣು ಕೀಳಲಿಲ್ಲ.

"ಬಾಯಿಯವರಿಗೆ ಜ್ವರ ಇರಲಿಲ್ಲ," ಎಂದು ಗೊಣಗಿದ. ನಾನು ಅಷ್ಟಾಗಿ ಕಿವಿಗೊಡಲಿಲ್ಲ.

ಅರ್ಧ ತಾಸಿನಲ್ಲಿ ಎದುರಿನ ಕಿರಾಣಿ ಅಂಗಡಿಯವನು ಕೂಗಿದ. ಶಾಮಲಾಬಾಯಿ ಫೋನ್ ಮಾಡಿದ್ದರಂತೆ, ಅಂಬಣ್ಣ ಈಗಿಂದೀಗಲೇ ಬರಬೇಕಂತೆ. ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಕೈ ಹಿಡಿದು ಎಬ್ಬಿಸಿ ಬಸ್ ಹತ್ತಿಸಿದೆ. ಬಾಯಿಯವರ ಮನೆಯಿದ್ದ ಸದಾಶಿವ ಪೇಟೆ ಮುಟ್ಟುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ.

ಶಾಮಲಾಬಾಯಿ ಒಬ್ಬರೇ ಇದ್ದರು. ಟಿವಿಯ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು. ಅಪ್ಪ ಹೊಸ್ತಿಲಾಚೆಯೇ ನಿಂತ.

"ತಪ್ಪಾತ್ರಿ ಬಾಯೀ," ಎಂದು ಶುರುಮಾಡಿದ. "ನಾ ಆ ಹುಡುಗಿಗೆ…"

"ಒಳಗ ಬಾ ಅಂಬಣ್ಣ. ಮೊದಲ ನಾ ಹೇಳತೀನಿ." ಅವರು ಕೈ ಎತ್ತಿ ತಡೆದರು. "ಜ್ವರದ ಸುಳ್ಳು ನಾ ಹೇಳಿದ್ದು. ಆ ಸಾಯಲಿ ಕೇಳಿದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನಾ ಅವತ್ತ ಮೊದಲನೇ ಸಾಲಿನ್ಯಾಗ ಇದ್ದೆ. ಅವರು ಎರಡು ಮಾತು ಬಿಟ್ಟು ಬಿದ್ದದ್ದು ನನಗ ಗೊತ್ತಾಗಿತ್ತು. ಏನಾರ ಹೊಸಾದು ಮಾಡಾಕತ್ತಾರಂತ ತಿಳಕೊಂಡು ನಕ್ಕೆ. ಅವರು ಸಾಯಾಕತ್ತಿದ್ರು, ನಾ ನಕ್ಕೆ."

ಶಾಮಲಾಬಾಯಿ ಹೊಸ್ತಿಲಿನವರೆಗೆ ಬಂದು ನಿಂತರು.

"ಪ್ರತಿ ಗಣಪತಿಗೆ ನೀ ಬರತಿದ್ದಿ. ಇಂವಾ ಇವತ್ತ ಅಂತಾನ, ಇವತ್ತ ಅಂತಾನಂತ ನನಗ ಚಹಾ ಮಾಡಾಕ ಕೈ ಬರತಿರಲಿಲ್ಲ. ನಿಜ ಹೇಳು. ನೀ ನಿಲ್ಲೂ ಜಾಗದಾಗಿಂದ ನಾ ಕಾಣತಿದ್ನೇನು? ನಾ ನಗೂದು ನೋಡಿದೇನು?"

ಹೂಂ ಎಂದರೆ ಅಪ್ಪನ ಹತ್ತೊಂಬತ್ತು ವರ್ಷದ ಭಾರ ಅರ್ಧ ಇಳಿಯುತ್ತಿತ್ತು. ನಿಮ್ಮ ಮುಖ ನೋಡಿಯೇ ಹಗ್ಗ ಹಿಡಿದೆ ಎನ್ನಬಹುದಿತ್ತು.

ಅಪ್ಪ ಹೊಸ್ತಿಲು ದಾಟಿ ಒಳಗೆ ಬಂದ.

"ಇಲ್ರಿ ಬಾಯೀ," ಎಂದ. "ರಂಗದ ಮ್ಯಾಲಿನ ದೀಪ ಕಣ್ಣಿಗೆ ಹೊಡೀತಾವ. ಅಲ್ಲಿಂದ ನೋಡಿದ್ರ ಜನಾನ ಕಾಣಂಗಿಲ್ಲ, ಬರೇ ಕತ್ತಲಿ. ಪರದೆ ತಡಾ ಬಿಟ್ಟದ್ದು ನಂದಾ ತಪ್ಪು."

ಶಾಮಲಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ಎದ್ದು ಚಹಾ ಮಾಡಿದರು. ಅಪ್ಪ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದ. ಒಂದು ಹನಿ ಚೆಲ್ಲಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಕೇಳಿದೆ: "ಅಪ್ಪಾ, ಬರೇ ಕತ್ತಲಿ ಕಾಣತಿತ್ತೇನು?"

"ಸುಮ್ನ ಕೂಡವ್ವ," ಎಂದ ಅಪ್ಪ, ಜೇಬು ತಡಕಾಡುತ್ತ. "ಕಂಡಕ್ಟರ್ ಬಂದ. ಟಿಕೆಟ್ ಎಲ್ಲಿ ಇಟ್ಟೆ ನೋಡು."