ಶಿವೂನ ಮುರಿದ ಕೈ

ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿದ್ದ ಆ ಶಾಲೆಯ ಗೇಟಿನೊಳಗೆ ಆಗ ಹೆಣ್ಣು ಎನ್ನುವವರು ನಾವಿಬ್ಬರೇ, ಅವ್ವ ಮತ್ತು ನಾನು. ಅವ್ವ ಅಲ್ಲಿನ ದವಾಖಾನೆಯ ನರ್ಸ್. ಅಪ್ಪ ತೀರಿಕೊಂಡ ಮೇಲೆ ಸಿಕ್ಕ ಕೆಲಸ. ಜೊತೆಗೆ ಎರಡು ಕೋಣೆಯ ಮನೆ. ನಾನು ಮಾತ್ರ ಊರೊಳಗಿನ ಸರಕಾರಿ ಶಾಲೆಗೆ ನಡೆದು ಹೋಗುತ್ತಿದ್ದೆ.

ಹಿಂದೆ ಜಮೀನುದಾರರು ತಮ್ಮ ಗಂಡುಮಕ್ಕಳಿಗೆಂದೇ ಕಟ್ಟಿಸಿದ ವಸತಿ ಶಾಲೆಯದು. ರೋಣದ ಹತ್ತಿ ವ್ಯಾಪಾರಿಗಳು, ಅಬ್ಬಿಗೇರಿಯ ದೊಡ್ಡ ಹೊಲದವರು ಮಗ ಹುಟ್ಟಿದಾಗಲೇ ಅಲ್ಲಿ ಸೀಟು ಕೇಳಿಡುತ್ತಿದ್ದರಂತೆ. ಬೇರೆ ಮಾತುಗಳೂ ಇದ್ದವು. ಆ ಜಾಗ ಮೊದಲು ಊರ ದನ ಮೇಯುವ ಗಾಯರಾಣವಾಗಿತ್ತಂತೆ. ಗೋಡೆ ಹಾರಿ ಓಡಿಹೋದ ಹುಡುಗನೊಬ್ಬ ಆಮೇಲೆ ಯಾರೊಂದಿಗೂ ಮಾತಾಡಲಿಲ್ಲವಂತೆ. ಅಂಥ ಮಾತು ಶುರುವಾದರೆ ಅವ್ವ ನನ್ನನ್ನು ನೀರು ತರಲು ಕಳಿಸುತ್ತಿದ್ದಳು.

ಕಡಲೆ ಹೊಲಗಳು ಹಸಿರಾಗಿದ್ದ ಒಂದು ಚಳಿಗಾಲ, ವಾರ್ಡನ್ ಸರ್ ಶಿವು ಎಂಬ ಹುಡುಗನನ್ನು ದವಾಖಾನೆಗೆ ಕರೆತಂದರು. ಬೆಳವಣಕಿಯವನು, ನನ್ನದೇ ವಯಸ್ಸು. “ಹುಣಸಿ ಗಿಡದಿಂದ ಬಿದ್ದಾನ್ರಿ ಸಿಸ್ಟರ್,” ಅಂದರು. ಗದಗಿನಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿದರು. ಆದರೆ ಮನೆಗೆ ಕಳಿಸದೆ ಅವ್ವನ ಸುಪರ್ದಿಗೇ ಬಿಟ್ಟರು.

ಶಾಲೆ ಬಿಟ್ಟೊಡನೆ ನಾನು ಉಡಿಯಲ್ಲಿ ಸುಟ್ಟ ಸುಲಗಾಯಿ ಕಟ್ಟಿಕೊಂಡು ಓಡಿಬರುತ್ತಿದ್ದೆ. ಹಸಿ ಕಡಲೆಯ ಆ ಹೊಗೆವಾಸನೆಗೆ ಶಿವು ಹಾಸಿಗೆಯಲ್ಲೇ ಎದ್ದು ಕೂರುತ್ತಿದ್ದ. ಒಂದೇ ಕೈಯಲ್ಲಿ ಸುಲಿಯಲು ಬಾರದ ಅವನಿಗೆ ನಾನೇ ಸುಲಿದು ಕೊಡುತ್ತಿದ್ದೆ. ಇಬ್ಬರ ಬಾಯಿಯೂ ಮಸಿ. ಆಮೇಲೆ ಕವಡೆಯಾಟ.

ಆ ಹುಣಸೆಮರ ನನಗೆ ಚೆನ್ನಾಗಿ ಗೊತ್ತಿತ್ತು. ರಜೆಯಲ್ಲಿ ಹುಡುಗರೆಲ್ಲ ಊರಿಗೆ ಹೋದರೆ ಅದು ನನ್ನದೇ. ಹತ್ತಿದವರ ಮೊಣಕಾಲು ತರಚದೆ ಬಿಡುವ ಮರವಲ್ಲ ಅದು. ಶಿವೂನ ಕಾಲ ಮೇಲೆ ಒಂದು ಗೀರೂ ಇರಲಿಲ್ಲ.

“ಯಾವ ಟೊಂಗಿಮ್ಯಾಲಿಂದ ಬಿದ್ದಿ?” ಎಂದು ಕೇಳಿದೆ.

“ಮ್ಯಾಲಿಂದು.”

“ಅಲ್ಲಿಗೆ ಹ್ಯಾಂಗ ಹತ್ತಿದಿ?”

ಅವನು ಬಾಗಿಲ ಕಡೆ ನೋಡಿದ. “ಬೂಟು ಒರಸಂಗಿಲ್ಲ ಅಂದ್ನಿ. ದೊಡ್ಡ ಹುಡುಗೂರು ಕೈ ತಿರುವಿದ್ರು. ವಾರ್ಡನ್ ಸರ್ ಅಲ್ಲೇ ನಿಂತಿದ್ರು.”

ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. “ನನಗೂ ಸಂಶಯ ಇತ್ತವ್ವಾ. ಅವನ ರಟ್ಟಿಮ್ಯಾಲ ಬೆರಳಿನ ಗುರ್ತು ಇದ್ದುವು,” ಅಂದಳು. ಅದನ್ನೇ ವಾರ್ಡನ್ನರನ್ನು ಕೇಳಿಯೂ ಬಂದಳು.

ಮರುದಿನವೇ ಹೆಡ್‌ಮಾಸ್ತರರು ನಮ್ಮ ಮನೆಗೆ ಬಂದರು. ಎಂದೂ ಬಂದವರಲ್ಲ. ಕರದಂಟಿನ ಡಬ್ಬಿ ಕೈಗಿಟ್ಟು, ನನ್ನ ತಲೆ ಸವರಿ, “ಇಕೀನ್ನ ಗದಗಿನ ಚಲೋ ಸಾಲಿಗೆ ಹಾಕೂಣಂತ ಸಿಸ್ಟರ್,” ಅಂದರು. ತುಪ್ಪದ ಘಮ ಮನೆ ತುಂಬಿದರೂ ಅವ್ವ ಡಬ್ಬಿ ತೆರೆಯಗೊಡಲಿಲ್ಲ. ಅಂದಿನಿಂದ ನನಗೆ ಎಲ್ಲರ ಮೇಲೂ ಗುಮಾನಿ. ಗೇಟಿನ ಕಾವಲುಗಾರ ಯಾಕೆ ನಕ್ಕ? ನಾನು ಹೋದೊಡನೆ ಅಡುಗೆಯವರು ಮಾತು ಯಾಕೆ ನಿಲ್ಲಿಸಿದರು?

ರವಿವಾರ ಶಿವೂನ ಅಪ್ಪ ಬಂದರು. ಹೆಡ್‌ಮಾಸ್ತರರ ಕೋಣೆಗೆ ಅವ್ವನನ್ನೂ ಶಿವೂನನ್ನೂ ಕರೆಸಿದರು. ನಾನು ಬಾಗಿಲಲ್ಲಿ ನಿಂತೆ.

“ಇದು ಗಿಡದಿಂದ ಬಿದ್ದ ಕೈ ಅಲ್ರಿ. ಯಾರೋ ತಿರುವ್ಯಾರ. ನಿಮ್ಮ ಮಗನ್ನ ನೀವ ಕೇಳ್ರಿ,” ಅಂದಳು ಅವ್ವ.

ಹೆಡ್‌ಮಾಸ್ತರರು ಸಿಡುಕುತ್ತಾರೆ ಅಂದುಕೊಂಡಿದ್ದೆ. ಆದರೆ ಮಾತಾಡಿದವರು ಶಿವೂನ ಅಪ್ಪ. ಮಗನನ್ನು ಕೇಳಲೂ ಇಲ್ಲ.

“ಇರ್ಲಿ ಬಿಡ್ರಿ ಸಿಸ್ಟರ್. ನಮ್ಮ ಮನಿತನದಾಗ ಈ ಸಾಲಿ ಹೊಸ್ತಲಾ ದಾಟಿದಾಂವ ಇವನೊಬ್ಬನ. ಗಿಡದಿಂದನ ಬಿದ್ದಾನ ತಗೋರಿ.”

ಶಿವು ನೆಲ ನೋಡುತ್ತ, “ಹೌದ್ರಿ, ಗಿಡದಿಂದನ ಬಿದ್ನಿ,” ಅಂದ.

ತಿಂಗಳು ತುಂಬುವ ಮೊದಲೇ ಅವ್ವನನ್ನು ಕೆಲಸದಿಂದ ತೆಗೆದು, ನಮ್ಮನ್ನು ಮನೆ ಬಿಡಿಸಿದರು. ನರಗುಂದದ ಒಂದು ಸಣ್ಣ ದವಾಖಾನೆಯಲ್ಲಿ ಅವ್ವನಿಗೆ ಕೆಲಸ ಸಿಕ್ಕಿತು. ಆ ಶಾಲೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಈಚೆಗೆ ಅಲ್ಲಿ ಓದಿದ ಕೆಲವರು ತಾವು ತಿಂದ ಪೆಟ್ಟುಗಳ ಬಗ್ಗೆ ಬಾಯಿಬಿಟ್ಟಾಗ ಪೇಪರುಗಳಲ್ಲಿ ಗದ್ದಲವೆದ್ದಿತು. ಅದೇ ಹೊತ್ತಿಗೆ ರೋಣದ ಮಾರುಕಟ್ಟೆಯಲ್ಲಿ ಶಿವು ಸಿಕ್ಕ. ದೊಡ್ಡ ಹತ್ತಿ ವ್ಯಾಪಾರಿ ಈಗ. ಮಗನೂ ಅದೇ ಶಾಲೆಯಲ್ಲಿ ಓದುತ್ತಾನಂತೆ. ಚಹಾ ತರಿಸಿದ. ಇಬ್ಬರೂ ‘ರಿ’ ಹಚ್ಚಿ ಮಾತಾಡಿದೆವು.

“ಪೇಪರ್‌ನ್ಯಾಗಿಂದು ಎಲ್ಲಾ ಸುಳ್ರಿ ಅಕ್ಕಾರ. ನಮ್ಮ ಕಾಲಕ್ಕ ಯಾರೂ ಯಾರಿಗೂ ಕೈ ಹಚ್ಚತಿರಲಿಲ್ಲ.”

“ಹಂಗಾರ ನಿಮ್ಮ ಕೈ ಮುರದದ್ದು?”

“ಹುಣಸಿ ಗಿಡದಿಂದ ಬಿದ್ದಿದ್ನಲ್ರಿ! ನಿಮಗ ನೆನಪಿಲ್ಲೇನು?”

ಮುಚ್ಚಿಡುತ್ತಿದ್ದಾನೇನೋ ಎಂದು ಅವನ ಕಣ್ಣಲ್ಲಿ ಹುಡುಕಿದೆ. ಇಲ್ಲ, ಖರೇನೇ ನಂಬಿದ್ದ.

ಅವ್ವ ಈಗಿಲ್ಲ. ಹೆಡ್‌ಮಾಸ್ತರರೂ ಇಲ್ಲ. ಆ ಸಂಜೆ ದವಾಖಾನೆಯ ಹಾಸಿಗೆಯಲ್ಲಿ ಅವನಾಡಿದ ಮಾತಿಗೆ ಇನ್ನು ನಾನೊಬ್ಬಳೇ ಸಾಕ್ಷಿ. ಗದಗಿನ ಬಸ್ಸು ಹತ್ತಿ ಕೂತಾಗ, ಅಷ್ಟು ಚಿಕ್ಕ ಹುಡುಗಿ ಕೇಳಿಸಿಕೊಂಡದ್ದು ಸರಿಯಾಗಿತ್ತೇ ಎಂದು ಮೊದಲ ಸಲ ನನ್ನ ಮೇಲೆಯೇ ಸಂಶಯ ಬಂತು. ಮನೆ ಹೋದದ್ದು, ಅವ್ವನ ನೌಕರಿ ಹೋದದ್ದು ಆ ಸಂಶಯದ ಮುಂದೆ ಏನೂ ಅಲ್ಲ ಅನಿಸಿತು.