ಬಾಗಿಲಣ್ಣನ ಸ್ಟೂಲು

ಪುರಸಭೆಯ ಹಳೇ ಕಚೇರಿಯಲ್ಲಿ ಅರ್ಧ ಆಯಸ್ಸು ಕಳೆದ ಆ ಜವಾನನನ್ನು ಯಾರೂ ತಿರುಗಿ ನೋಡಿದವರಲ್ಲ. ಹೊಸ ಕಟ್ಟಡ ಬಂದದ್ದೇ ತಡ, ಊರಿಗೆ ಊರೇ ಅವನನ್ನು ಬಾಗಿಲಣ್ಣ ಎಂದು ಕರೆಯತೊಡಗಿತು.

ಹಳೆಯದಕ್ಕೆ ಅಗಲವಾದ ಮೆಟ್ಟಿಲು, ದಪ್ಪ ಕಂಬಗಳು, ನಡುವೆ ಆಳೆತ್ತರ ಮೀರಿದ ಮರದ ಬಾಗಿಲು ಇದ್ದವು. ಅದನ್ನು ಕೆಡವಿ ಹೆಸರುವಾಸಿ ಆರ್ಕಿಟೆಕ್ಟ್ ಒಬ್ಬರು ನಾಲ್ಕೂ ಕಡೆ ಒಂದೇ ಸಮನಾದ ಗಾಜಿನ ಪೆಟ್ಟಿಗೆ ನಿಲ್ಲಿಸಿದರು. ಗೋಡೆಯೂ ಗಾಜೇ, ಬಾಗಿಲೂ ಗಾಜೇ. ಆಡಳಿತ ಪಾರದರ್ಶಕವಾಗಿರಬೇಕು, ಬಾಗಿಲು ತಾನು ಬಾಗಿಲೆಂದು ಮೆರೆಯಬಾರದು ಎಂದು ಉದ್ಘಾಟನೆಯ ದಿನ ಅವರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿ ಒಳಗೆ ಹೊರಟ ಅಧ್ಯಕ್ಷರ ಮಾವನವರು ಗೋಡೆಗೆ ಮೂಗು ಜಜ್ಜಿಕೊಂಡರು. ಮರುದಿನವೇ ಬಾಗಿಲ ಪಕ್ಕ ಒಂದು ಸ್ಟೂಲು ಬಂತು, ಸ್ಟೂಲಿನ ಮೇಲೆ ಜವಾನ ಬಂದ. ಬಾಗಿಲು ಇದು, ಅದು ಗೋಡೆ ಎಂದು ಬಂದವರಿಗೆ ಹೇಳುವುದೇ ಅವನ ಕೆಲಸ.

ಆ ಕಟ್ಟಡವನ್ನು ಅವನು ಬಾಯ್ತುಂಬ ಬೈಯುತ್ತಿದ್ದ. ಬಿಸಿಲಿಗೆ ಕಾದ ಬಾಣಲೆ, ಮಳೆ ಬಂದರೆ ನಿಲ್ಲಲು ಸೂರಿಲ್ಲ, ಕಾಯುವವರಿಗೆ ಕೂರಲು ಜಾಗವಿಲ್ಲ. ಬೈಯುತ್ತಲೇ ಅದರಿಂದ ದೊಡ್ಡ ಮನುಷ್ಯನೂ ಆದ. ಮುದುಕಿಯರು ಹರಸಿದರು, ವಕೀಲರು ಹೆಗಲ ಮೇಲೆ ಕೈಹಾಕಿದರು. ತರಕಾರಿ ಅಂಗಡಿಯಲ್ಲಿ ಅವನ ಹೆಂಡತಿಯನ್ನು ಬಾಗಿಲಣ್ಣನ ಮನೆಯವರೆಂದು ಮುಂದೆ ಬಿಡುತ್ತಿದ್ದರು.

ಹೀಗಿರುವಾಗ ಹೊಸ ಅಧಿಕಾರಿ ಬಂದರು. ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಬಗಳನ್ನೂ ಬಾಗಿಲನ್ನೂ ತರಿಸಿ, ಮೆಟ್ಟಿಲಿರುವ ಒಂದು ಮೊಗಸಾಲೆ ಕಟ್ಟಿಸಿದರೆ ಹೇಗೆಂಬ ಯೋಚನೆ ಅವರಿಗೆ. ಜನರಿಗೆ ನಿಜವಾಗಿ ಕಷ್ಟವಿದೆಯೇ ಎಂದು ಕೇಳಲು ಮರುದಿನ ಬಂದು ಕಾಣುವಂತೆ ಬಾಗಿಲಣ್ಣನಿಗೇ ಹೇಳಿಕಳಿಸಿದರು. ಅವನು ಸ್ಟೂಲಿನ ಮೇಲೆ ಕೂತಲ್ಲೇ ಲೆಕ್ಕ ಹಾಕಿದ. ಬಾಗಿಲು ತಾನಾಗಿ ಕಂಡರೆ ತೋರಿಸುವವನು ಯಾಕೆ? ನೆಲಮಾಳಿಗೆಯ ಕಡತದ ಕೋಣೆಗೆ ಹೋಗಬೇಕು; ಅಲ್ಲಿ ಜಿರಲೆ ಬಿಟ್ಟರೆ ಮಾತಿಗೆ ಯಾರೂ ಇಲ್ಲ.

ಬೆಳಿಗ್ಗೆ ಹೆಂಡತಿ ಅವನ ಅಂಗಿಗೆ ಗುಂಡಿ ಹಾಕುತ್ತ ಪಾಠ ಹೇಳಿಕೊಟ್ಟಳು.

"ನೋಡ್ರೀ, ಯಾರಿಗೂ ಏನೂ ತೊಂದ್ರೆ ಇಲ್ಲ ಸಾರ್ ಅನ್ನಿ. ಅಷ್ಟೇ. ಆಮೇಲೆ ಬಾಯಿಗೆ ಬೀಗ."

ಅವನು ಹಾಗೆಯೇ ಹೇಳಿದ. ಅಧಿಕಾರಿ ಸರಿ ಬಿಡು ಎಂದು ಮೊಗಸಾಲೆಯ ನಕ್ಷೆಯನ್ನು ಮಡಚಿಯೂ ಬಿಟ್ಟರು. ಮಡಚುತ್ತ ಸುಮ್ಮನೆ, ಹಳೇ ಕಟ್ಟಡ ಹೇಗಿತ್ತಪ್ಪಾ ಎಂದು ಒಂದು ಮಾತು ಕೇಳಿದರು. ಅಲ್ಲಿಗೆ ಬೀಗ ಕಳಚಿತು.

"ಅದರ ಕಥೆ ಏನ್ ಕೇಳ್ತೀರಿ ಸಾರ್. ಮೆಟ್ಟಿಲು ಹತ್ತುವಾಗ್ಲೇ ಜನ ಬಟ್ಟೆ ಸರಿಮಾಡ್ಕೊಳ್ಳೋರು. ಎಂಥಾ ಬಿಸಿಲಲ್ಲೂ ಕಂಬಕ್ಕೆ ಒರಗಿದ್ರೆ ಬೆನ್ನು ತಣ್ಣಗೆ. ಜಗಳಕ್ಕೆ ಅಂತ ಬಂದೋರು ಅಲ್ಲೇ ಕೂತು ಅರ್ಧ ಸಿಟ್ಟು ಇಳಿಸ್ಕೊಂಡು ಒಳಗೆ ಬರೋರು. ಈಗ ಮೂಗು ಜಜ್ಜಿಸ್ಕೊಂಡು ಡಬಲ್ ಸಿಟ್ಟಲ್ಲಿ ಬರ್ತಾರೆ."

ಹೇಳಿ ಮುಗಿಸುವ ಹೊತ್ತಿಗೆ ನಕ್ಷೆ ಮತ್ತೆ ಮೇಜಿನ ಮೇಲೆ ಹರಡಿತ್ತು. ಬಾಗಿಲಣ್ಣ ನಾಲಿಗೆ ಕಚ್ಚಿಕೊಂಡ.

ಮೊಗಸಾಲೆ ಎದ್ದಿತು. ಆರ್ಕಿಟೆಕ್ಟ್ ಬಂದು, ಇದಕ್ಕೆಂದೇ ಮುಂದೆ ಜಾಗ ಬಿಟ್ಟಿದ್ದೆ ಎಂದು ಕಂಬದ ಪಕ್ಕ ಫೋಟೊ ತೆಗೆಸಿಕೊಂಡರು. ಹೆಂಡತಿ ಕೆಲವು ದಿನ ಮಾತು ಬಿಟ್ಟಳು. ತರಕಾರಿ ಅಂಗಡಿಯಲ್ಲಿ ಈಗ ಅವಳೂ ಸರದಿಯಲ್ಲೇ ನಿಲ್ಲಬೇಕು.

ಮಧ್ಯಾಹ್ನ ಬಾಗಿಲಣ್ಣ ನೆಲಮಾಳಿಗೆಯಿಂದ ಮೇಲೆ ಬಂದು, ಕಂಬಕ್ಕೊರಗಿ ಬುತ್ತಿ ಬಿಚ್ಚಿದ. ಬೆನ್ನು ತಣ್ಣಗಿತ್ತು. ಹಿಂದೆಲ್ಲ ಹರಸುತ್ತಿದ್ದ ಮುದುಕಿಯೊಬ್ಬಳು ಬಟ್ಟೆ ಸರಿಮಾಡಿಕೊಳ್ಳುತ್ತ ಮೆಟ್ಟಿಲು ಹತ್ತಿ, ಅವನತ್ತ ಕಣ್ಣೂ ಹಾಯಿಸದೆ ನೆಟ್ಟಗೆ ಒಳಗೆ ನಡೆದಳು. "ಅಜ್ಜೀ, ಬಾಗಿಲು..." ಎಂದು ಬಾಯಿಗೆ ಬಂದ ಮಾತು ತುತ್ತಿನ ಜೊತೆಗೇ ಕೆಳಗಿಳಿಯಿತು.