ಸಿಸ್ಟರಮ್ಮನ ಗಾಡಿಗೆ ಹಿಡಿದ ಕೆಮ್ಮು

ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಬಿಪಿ ನೋಡುವುದು, ಇಂಜೆಕ್ಷನ್ ಕೊಡುವುದು ಸಿಸ್ಟರಮ್ಮನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಒಂದಿತ್ತು, ಆದರೆ ಅದನ್ನು ಬಳಸುವವರೇ ಇರಲಿಲ್ಲ. ಗಂಡನೇ ಒಮ್ಮೆ ನಾಲ್ಕು ಜನರ ಮುಂದೆ ಬಾಯಿತಪ್ಪಿ "ಸಿಸ್ಟರಮ್ಮಾ" ಎಂದು ಕರೆದು ವರ್ಷಗಟ್ಟಲೆ ನಗೆಪಾಟಲಾಗಿದ್ದ. ಕೈ ಹಗುರ, ಬುದ್ಧಿ ಮಾತ್ರ ಕಿತಾಪತಿಯದು. "ಅಗೋ, ನಿಮ್ಮ ಅಳಿಯ ಬಂದ್ರು" ಅನ್ನುವಳು. ರೋಗಿ ಗಾಬರಿಯಿಂದ ಬಾಗಿಲ ಕಡೆ ತಿರುಗುವಷ್ಟರಲ್ಲಿ ಸೂಜಿ ಚುಚ್ಚಿ, ತೆಗೆದು, ಹತ್ತಿ ಒತ್ತಿ ಆಗಿರುತ್ತಿತ್ತು.

ನಡೆದು ನಡೆದು ಮಂಡಿ ಸವೆದ ಮೇಲೆ ಮೈದುನನ ಹಳೆಯ ಮೋಟಾರ್‌ಸೈಕಲ್ಲನ್ನು ಕೊಂಡಳು. "ಅತ್ತಿಗೆ, ಇದು ಗಾಡಿಯಲ್ಲ, ಸಾಕಿದ ಹಸು. ಕಣ್ಣು ಮುಚ್ಕೊಂಡು ಕೂತ್ರೂ ಮನೆಗೆ ತಂದು ಬಿಡುತ್ತೆ" ಎಂದು ಕೀಲಿಕೈ ಕೊಟ್ಟ ಮೈದುನ ಆ ವಾರದಿಂದಲೇ ಅತ್ತಿಗೆಯ ಫೋನ್ ಎತ್ತುವುದನ್ನು ಬಿಟ್ಟ. ಹಸು ಹೊರಟರೆ ಸಾಕು, ಜರ್ಕು ಹೊಡೆಯುವುದು. ನಿಂತಲ್ಲಿ ಏದುಸಿರು ಬಿಡುವುದು. ಆಕ್ಸಿಲರೇಟರ್ ಸಡಿಲಿಸಿದರೆ ಸೈಲೆನ್ಸರಿನಿಂದ ಢಬ್ ಎಂಬ ಸದ್ದು ಬಂದು ತಂತಿಯ ಮೇಲಿನ ಕಾಗೆಗಳೆಲ್ಲ ಎದ್ದು ಹೋಗುವುವು.

ಅವಳ ದಿನದ ಮೊದಲ ಸುತ್ತು ಒಂದು ಹಳೆಯ ವಠಾರ. ಅಂಗಳದ ಸುತ್ತ ಕೋಣೆಗಳು, ಮೂಲೆಯಲ್ಲಿ ಮೆಟ್ಟಿಲು, ಮೆಟ್ಟಿಲ ಕೆಳಗೆ ಗಾಡಿ ನಿಲ್ಲಿಸಲು ಜಾಗ. ಕೆಳಗಿನ ಕೋಣೆಗಳಲ್ಲಿ ಅವಳ ರೋಗಿಗಳು ಮೂವರು: ಸಿಹಿ ಮುಟ್ಟಬಾರದ ರಿಟೈರ್ಡ್ ಮೇಷ್ಟ್ರು, ಬೀಡಿ ಬಿಡಲೇಬೇಕಾದ ಹಳೆಯ ಲಾರಿ ಡ್ರೈವರ್, ಉಪ್ಪು ಕಡಿಮೆ ಮಾಡಬೇಕಾದ ಅಜ್ಜಿ. ಮಹಡಿಯ ಮೇಲೊಬ್ಬಳು ಬಾಣಂತಿ. ಸಿಸ್ಟರಮ್ಮ ಹೋದಾಗೆಲ್ಲ ಕೆಳಗಿನ ಮೂವರೂ ಪರೀಕ್ಷೆಗೆ ಕೂತ ಮಕ್ಕಳಂತೆ ಕೈಕಟ್ಟಿ ಕೂತಿರುತ್ತಿದ್ದರು. ಎಷ್ಟು ಶಿಸ್ತಿನ ಜನ ಎಂದು ಅವಳಿಗೆ ಹೆಮ್ಮೆ. ಆದರೂ ಮೇಷ್ಟ್ರ ಶುಗರ್ ಇಳಿಯಲಿಲ್ಲ, ಡ್ರೈವರ್ ಕೆಮ್ಮು ನಿಲ್ಲಲಿಲ್ಲ, ಅಜ್ಜಿಯ ಬಿಪಿ ಇದ್ದಲ್ಲೇ ಇತ್ತು.

ಗಾಡಿಯ ಕಾಟ ತಡೆಯಲಾರದೆ ಅವಳು ವೃತ್ತದ ಬಳಿಯ ಮೆಕ್ಯಾನಿಕ್‌ನ ಹತ್ತಿರ ಹೋದಳು. ಅವನು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ.

"ನೋಡಿ ಅಕ್ಕಾ, ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಗಾಳಿ ಜಾಸ್ತಿ ಹೋಗ್ತಿದೆ, ಪೆಟ್ರೋಲ್ ಸಾಲ್ತಿಲ್ಲ."

"ಅಂದ್ರೆ ಊಟ ಕಡಿಮೆ, ಹೊಟ್ಟೆಗೆ ಗಾಳಿ ತುಂಬಿದೆ ಅನ್ನಿ."

"ಹೆಚ್ಚೂಕಡಿಮೆ ಅದೇ."

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದ. ಅದನ್ನು ಎಂಜಿನ್‌ಗೆ ಸೇರಿಸುವ ರಬ್ಬರ್ ಬಿರುಕು ಬಿಟ್ಟಿತ್ತು, ಹೊಸದು ಹಾಕಿದ. ಕೊನೆಗೆ ಗಾಳಿಯ ಸ್ಕ್ರೂವನ್ನು ಕಿವಿಗೊಟ್ಟು ಕೇಳುತ್ತ ಕೇಳುತ್ತ ತಿರುಗಿಸಿ ಹದಕ್ಕೆ ತಂದ. ಗಾಡಿ ಬೆಕ್ಕಿನಂತೆ ಗುರುಗುಟ್ಟಿತು.

ಮರುದಿನ ಸದ್ದಿಲ್ಲದೆ ವಠಾರದ ಅಂಗಳಕ್ಕೆ ಬಂದವಳಿಗೆ ಕಂಡದ್ದೇ ಬೇರೆ. ಮೇಷ್ಟ್ರ ಬಾಯಿ ತುಂಬಿತ್ತು, ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಮೇಲೆ ಮಾಡಿದರು. ಡ್ರೈವರ್ ಸುತ್ತ ಹೊಗೆ ಆಡುತ್ತಿತ್ತು. "ಪಕ್ಕದ ಮನೆಯೋರು ಒಲೆ ಹಚ್ಚಿದ್ರು ಸಿಸ್ಟರಮ್ಮ" ಎಂದ ಅವನು, ಪಕ್ಕದ ಮನೆಗೆ ಬೀಗ ಬಿದ್ದು ತಿಂಗಳಾದದ್ದನ್ನು ಮರೆತು. ಅಜ್ಜಿ ಮಾತ್ರ ಅನ್ನದ ತಟ್ಟೆಗೆ ಸೆರಗು ಮುಚ್ಚಿ ನಿದ್ದೆ ಮಾಡಿದಂತೆ ನಟಿಸಿದಳು. ಸಿಸ್ಟರಮ್ಮ ಮೂವರಿಗೂ ನೀರಿಳಿಸಿ, ಬಾಣಂತಿಯನ್ನು ನೋಡಲು ಮೇಲೆ ಹೋದಳು. ಇಳಿದು ಬಂದು ಗಾಡಿ ಸ್ಟಾರ್ಟ್ ಮಾಡಿದರೆ, ಢಬ್.

ಮೆಕ್ಯಾನಿಕ್ ಮತ್ತೆ ಹದ ಮಾಡಿಕೊಟ್ಟ. ಮರುದಿನ ವಠಾರದಿಂದ ಹೊರಟಾಗ ಮತ್ತೆ ಢಬ್. ಇನ್ನೊಮ್ಮೆ ಹಾಗೇ ಆದಾಗ ಅವನ ಮುಖ ಸಿಂಡರಿಸಿತು.

"ಅಕ್ಕಾ, ನನ್ನ ಕೆಲಸ ಹೀಗಿರಲ್ಲ. ನೀವೇನಾದ್ರೂ ಕೈ ಹಾಕ್ತೀರಾ?"

"ನಿನ್ನ ಕಸುಬು ನಂಗ್ಯಾಕಪ್ಪ? ನೀನೇ ಅರ್ಧ ಮಾಡಿ ಬಿಡ್ತಿದ್ದೀಯೇನೋ."

ಅವನು ಮುಖ ಊದಿಸಿಕೊಂಡೇ ಬಗ್ಗಿ ಟಾರ್ಚ್ ಬಿಟ್ಟು ನೋಡಿ, "ಇಲ್ಲಿ ಬನ್ನಿ" ಎಂದ. ಗಾಳಿಯ ಸ್ಕ್ರೂವಿನ ತಲೆಯ ಅಂಚೆಲ್ಲ ಕೆರೆದುಹೋಗಿತ್ತು. "ಇದು ಸ್ಕ್ರೂಡ್ರೈವರ್ ಇಟ್ಟ ಗುರುತಲ್ಲ. ಯಾರೋ ಚಮಚದ ಹಿಡಿಯಲ್ಲಿ ತಿರುಗಿಸಿದ್ದಾರೆ."

ಗಾಡಿ ಕೆಡುವುದು ಎಲ್ಲಿ ಎಂದು ಸಿಸ್ಟರಮ್ಮ ಯೋಚಿಸಿದಳು. ವಠಾರಕ್ಕೆ ಹೋಗುವಾಗ ಗುಂಡುಕಲ್ಲಿನಂತೆ ಇರುತ್ತದೆ, ಬರುವಾಗ ಕೆಮ್ಮುತ್ತದೆ. ಢಬ್ ಎಂಬ ಸದ್ದು ವಠಾರದ ಬೀದಿಯ ತಿರುವಿನಲ್ಲೇ ಕೇಳಿದರೆ ಯಾರಿಗೆ ಲಾಭ ಎಂಬುದು ಹೊಳೆದ ಕೂಡಲೇ ಅವಳಿಗೆ ಗ್ಯಾರೇಜಿನಲ್ಲೇ ನಗು ಬಂತು. ಶಿಸ್ತಿನ ಜನ ಎಂದು ಬೀಗಿದ್ದಳಲ್ಲ, ಆ ಶಿಸ್ತೆಲ್ಲ ಸೈಲೆನ್ಸರಿನ ಕೃಪೆ.

ಯಾರೆಂದು ಕೇಳಿದರೆ ಮೂವರೂ ದೇವರಾಣೆ ಇಡುತ್ತಾರೆ. ಮೆಕ್ಯಾನಿಕ್ ಸ್ಕ್ರೂವನ್ನು ಮತ್ತೆ ಹದಕ್ಕೆ ತಂದ ಮೇಲೆ ಅವಳು ಬ್ಯಾಗಿನಿಂದ ಗಾಯಕ್ಕೆ ಹಚ್ಚುವ ನೇರಳೆ ಔಷಧಿ ತೆಗೆದಳು. ಅದು ಚರ್ಮಕ್ಕೆ ಹತ್ತಿದರೆ ಸೋಪು ಹಾಕಿ ತಿಕ್ಕಿದರೂ ಸುಲಭಕ್ಕೆ ಬಿಡುವಂಥದ್ದಲ್ಲ. ಒಣಗದಿರಲೆಂದು ವ್ಯಾಸಲಿನ್‌ನಲ್ಲಿ ಕಲಸಿ, ಸ್ಕ್ರೂವಿನ ಸುತ್ತ, ಕಾರ್ಬ್ಯುರೇಟರಿನ ಅಡಿಗೆ, ಕೈ ಊರುವ ಕಡೆಯಲ್ಲೆಲ್ಲ ಧಾರಾಳವಾಗಿ ಸವರಿದಳು. ಮೆಕ್ಯಾನಿಕ್ ಹಿಂದೆ ಸರಿದು, "ನಿಮ್ಮ ಸಹವಾಸ ಕಷ್ಟ ಅಕ್ಕಾ" ಎಂದ.

ಮರುದಿನ ವಠಾರದಲ್ಲಿ ಅವಳು ಯಾರಿಗೂ ಬೈಯಲಿಲ್ಲ. ಬಾಣಂತಿಯ ಕೋಣೆಯಲ್ಲಿ ಮಗುವನ್ನು ಆಡಿಸುತ್ತ ಬೇಕೆಂದೇ ಹೊತ್ತು ಕಳೆದಳು. ಇಳಿದು ಬಂದಾಗ ಕೆಳಗಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಗಾಡಿ ಢಬ್ ಎಂದಿತು. ಆ ಸದ್ದು ಅವಳಿಗೆ ಅಷ್ಟು ಹಿತವಾಗಿ ಎಂದೂ ಕೇಳಿರಲಿಲ್ಲ.

ಅದರ ಮರುದಿನ ಹೋದರೆ ಮೂವರೂ ಅಂಗಳದ ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ಸೆಕೆಯಲ್ಲೂ ಅಜ್ಜಿ ಶಾಲು ಹೊದ್ದು ಕೈ ಒಳಗಿಟ್ಟುಕೊಂಡಿದ್ದಳು. ಮೇಷ್ಟ್ರು ಕೈ ಬೆನ್ನ ಹಿಂದೆ ಕಟ್ಟಿದ್ದರು. ಡ್ರೈವರ್ ಜೇಬಿನಲ್ಲಿ ಕೈ ತುರುಕಿದ್ದ. ಆದರೆ ಮುಖವನ್ನು ಎಲ್ಲಿ ತುರುಕುವುದು? ಡ್ರೈವರ್ ತುಟಿಯ ಮಧ್ಯದಲ್ಲಿ, ಬೀಡಿ ಕೂರುವ ಜಾಗದಲ್ಲೇ, ದುಂಡಗೆ ನೇರಳೆ ಮಚ್ಚೆ. ಮೇಷ್ಟ್ರ ಬಾಯಿಯ ಎರಡು ಕೊನೆಯಲ್ಲೂ ನೇರಳೆ. ಅಜ್ಜಿಯ ಮುಖ ಶುಭ್ರವಾಗಿತ್ತು. ಸಿಸ್ಟರಮ್ಮ ನೀರು ಕುಡಿಯುವ ನೆಪದಲ್ಲಿ ಅಜ್ಜಿಯ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿಯನ್ನು ತಂದು ಬೆಂಚಿನ ಮೇಲಿಟ್ಟಳು. ಮುಚ್ಚಳದ ಮೇಲೆ ಐದು ಬೆರಳೂ ಅಚ್ಚೊತ್ತಿದ್ದವು.

ಅಜ್ಜಿ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ತುಕ್ಕು ಹಿಡಿದ ಸ್ಕ್ರೂ ಅದು" ಎಂದು ಸಿಸ್ಟರಮ್ಮ ಗಂಭೀರವಾಗಿ ಬ್ಯಾಗ್ ತೆರೆದು ಸಿರಿಂಜ್ ಹೊರತೆಗೆದಳು. "ಮುಟ್ಟಿದವರಿಗೆಲ್ಲ ಟಿಟಿ ಇಂಜೆಕ್ಷನ್ ಆಗ್ಬೇಕು. ಯಾರು ಮೊದಲು?"

"ನಾನು ಮುಟ್ಟಿದ್ದೇ ಕಮ್ಮಿ" ಎಂದರು ಮೇಷ್ಟ್ರು. "ಬಲಕ್ಕೆ ತಿರುಗಿಸಿ ಅಂದೆ ಅಷ್ಟೆ. ಇವನು ಎಡಕ್ಕೆ ಅಂತ ಹಟ ಹಿಡಿದ. ಇಬ್ಬರೂ ಜಗಳ ಆಡ್ತಿದ್ರೆ ಅಜ್ಜಿ ಚಮಚ ಕಿತ್ಕೊಂಡ್ರು."

"ಗಾಡಿ ಓಡಿಸಿದೋನು ನಾನಾ ನೀವಾ ಮೇಷ್ಟ್ರೆ?" ಎಂದ ಡ್ರೈವರ್.

"ಇಬ್ಬರಿಂದಲೂ ಆಗ್ಲಿಲ್ಲ, ಕೊನೆಗೆ ತಿರುಗಿಸಿದ್ದು ನಾನು" ಎಂದಳು ಅಜ್ಜಿ, ತಗ್ಗಿದ ದನಿಯಲ್ಲೂ ಒಂದಿಷ್ಟು ಜಂಬದಿಂದ.

ಸಿಸ್ಟರಮ್ಮನಿಗೆ ನಗು ತಡೆಯುವುದು ಕಷ್ಟವಾಯಿತು. ಆದರೂ ಒಳಗೆಲ್ಲೋ ಸಣ್ಣಗೆ ಚುಚ್ಚಿತು. "ನಾನು ಬರ್ತೀನಿ ಅಂದ್ರೆ ಅಷ್ಟು ಭಯಾನಾ ಅಜ್ಜಿ?" ಎಂದು ಕೇಳಿದಳು.

ಅಜ್ಜಿ ಶಾಲಿನಿಂದ ಕೈ ಹೊರತೆಗೆದಳು. "ಉಪ್ಪಿಗೋಸ್ಕರ ಸ್ವಲ್ಪ ಭಯ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ತಾಯಿ, ಆ ಸದ್ದು ಕೇಳಿದ್ರೆ ನಾನು ತಲೆ ಬಾಚ್ಕೋತೀನಿ. ಮೇಷ್ಟ್ರು ಶರ್ಟ್ ಹಾಕ್ಕೋತಾರೆ. ಇಡೀ ದಿನದಲ್ಲಿ ನಮ್ಮನ್ನ ನೋಡೋಕೆ ಅಂತ ಬರೋಳು ನೀನೊಬ್ಬಳೇ. ಸುಮ್ನೆ ಬಂದು ನಿಂತ್ಬಿಟ್ರೆ ಹೇಗೆ?"

ಮೇಷ್ಟ್ರು ಶರ್ಟಿನ ಗುಂಡಿ ನೋಡಿಕೊಂಡರು. ಸಿಸ್ಟರಮ್ಮ ಸಿರಿಂಜನ್ನು ಒಳಗಿಟ್ಟಳು. ಆ ಮೂವರಿಗೂ ಟಿಟಿ ಹಿಂದೆಯೇ ಕೊಟ್ಟಾಗಿತ್ತೆಂಬುದು ಅವಳಿಗೆ ಮೊದಲೇ ಗೊತ್ತಿತ್ತು.

ಚೌಕಾಶಿ ನಡೆಯಿತು. ಮೇಷ್ಟ್ರ ಸಿಹಿಯ ಡಬ್ಬಿ ಬಾಣಂತಿಯ ಮನೆ ಸೇರಿತು. ಅಜ್ಜಿ ತನ್ನ ಉಪ್ಪನ್ನು ಸಣ್ಣ ಬಟ್ಟಲಿಗೆ ಸುರಿದುಕೊಂಡು ದೊಡ್ಡ ಡಬ್ಬಿಯನ್ನು ಒಪ್ಪಿಸಿದಳು. ಡ್ರೈವರ್ ಬೀಡಿ ಕಟ್ಟನ್ನು ಮುಂದಿಟ್ಟ. ಇನ್ನೊಂದು ಕಟ್ಟು ಎಲ್ಲಿದೆ ಎಂದು ಸಿಸ್ಟರಮ್ಮ ಕೇಳಿದಾಗ ಅದನ್ನೂ ಇಟ್ಟ. ಅದಕ್ಕೆ ಬದಲಾಗಿ, ಅವಳು ತಿರುವಿನಲ್ಲಿ ಹಾರ್ನ್ ಒತ್ತಿಯೇ ಒಳಗೆ ಬರಬೇಕೆಂದು ಮಾತಾಯಿತು.

ಗಾಡಿ ಈಗ ಹದವಾಗಿ ಓಡುತ್ತಿದೆ. ಮೈದುನ ಕೂಡ ಫೋನ್ ಎತ್ತತೊಡಗಿದ್ದಾನೆ, "ನಾನು ಹೇಳಿರ್ಲಿಲ್ವಾ ಅತ್ತಿಗೆ" ಎನ್ನುತ್ತಾನೆ. ತಿರುವಿನಲ್ಲಿ ಹಾರ್ನ್ ಕೇಳಿದೊಡನೆ ವಠಾರದಲ್ಲಿ ಬಾಚಣಿಗೆ, ಶರ್ಟು, ಚಪ್ಪಲಿಗಳ ಗಡಿಬಿಡಿ ಎದ್ದು ಮೂವರೂ ಬೆಂಚಿಗೆ ಬಂದು ಕೂರುತ್ತಾರೆ. ಮೇಷ್ಟ್ರ ಶುಗರ್ ತುಸು ಇಳಿದಿದೆ. ಕೆಲವು ದಿನ ಮಾತ್ರ ಸಿಸ್ಟರಮ್ಮ ಹಾರ್ನ್ ಒತ್ತುವುದಿಲ್ಲ. ಎಂಜಿನ್ ಆರಿಸಿ, ಕಾಲಿನಿಂದ ತಳ್ಳಿಕೊಂಡು ಮೆಲ್ಲಗೆ ಅಂಗಳಕ್ಕೆ ಬರುತ್ತಾಳೆ. ಅದು ಯಾವ ದಿನ ಎಂಬುದನ್ನು ಅವಳು ಗಂಡನಿಗೂ ಹೇಳಿಲ್ಲ.